ತುಣುಕು ಬಟ್ಟೆಯ ಚೀಲ



ಈ ಸಂಜೆ ನಾವು ದೊಡ್ಡ ವಿಷಯವನ್ನೇನೂ ಎತ್ತಿಕೊಂಡಿಲ್ಲ. ಕುಪ್ಪಸ, ಲಂಗ, ಅಂಗಿ ಹೊಲಿದಾದ ಮೇಲೆ ಕತ್ತರಿಯ ಕೆಳಗೆ ತುಣುಕುಗಳು ಉಳಿಯುತ್ತವೆಯಲ್ಲ, ಅವುಗಳಿಂದ ಉಡುಗೊರೆ ಕೊಡುವುದಕ್ಕೆ ಒಂದು ಸಣ್ಣ ಚೀಲ ಹೊಲಿಯುವ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಇದು ಮಠದಲ್ಲಿ ಆಡುವ ಮಾತೇ ಎಂದು ಯಾರಿಗಾದರೂ ಅನಿಸಬಹುದು. ಸೂಜಿ ಹಿಡಿದವರನ್ನು ಶರಣರ ಸಾಲಿನಲ್ಲಿ ಕೂಡಿಸಿದ ಪರಂಪರೆ ನಮ್ಮದು. 12ನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದಾರೆ. ಅವರ ಕಾಯಕವೇ ಅವರ ಹೆಸರಾಗಿ ಉಳಿದಿದೆ. ಆದ್ದರಿಂದ ಹೊಲಿಗೆಯೆಂದರೆ ಹೆಣ್ಣುಮಕ್ಕಳ ಕೆಲಸ ಎಂದು ಎದ್ದು ಹೋಗಲು ಇಲ್ಲಿ ಕುಳಿತ ಗಂಡಸರಿಗೂ ಅವಕಾಶವಿಲ್ಲ.

ಅಮರಕೋಶದಲ್ಲಿ ಹೊಲಿಗೆಯವನಿಗೆ ಎರಡು ಹೆಸರುಗಳಿವೆ. ಸೂಜಿಯಿಂದ ಬದುಕುವವನು ಸೌಚಿಕ. ಹರಿದದ್ದನ್ನು ಕೂಡಿಸುವವನು ತುನ್ನವಾಯ. ತುಂಡುಬಟ್ಟೆಗಳನ್ನು ಜೋಡಿಸಿ ಹೊಲಿದ ಹೊದಿಕೆಗೆ ಸಂಸ್ಕೃತದಲ್ಲಿ ಕಂಥಾ ಎಂದು ಹೆಸರು. ಬಂಗಾಲದ ತಾಯಂದಿರು ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಹೊಲಿಯುವ ಹೊದಿಕೆಗೆ ಇಂದಿಗೂ ಅದೇ ಹೆಸರಿದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅದೇ ಕೌದಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ತಾಯಂದಿರು ಅದನ್ನು ಕವಂದಿ ಎನ್ನುತ್ತಾರೆ. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಕೌದಿಗೆ ಸಾಲದಷ್ಟು ಚಿಕ್ಕ ತುಣುಕು ಉಳಿದರೆ ನಮ್ಮ ಹಿರಿಯರು ಅದನ್ನು ಎಲೆಯಡಿಕೆಯ ಸಂಚಿ ಮಾಡುತ್ತಿದ್ದರು. ಎಸೆಯುವ ಮಾತು ಅವರಲ್ಲಿ ಕಡೆಯ ಮಾತಾಗಿತ್ತು.

ಈಗ ಏನಾಗಿದೆ? ಮದುವೆ, ಗೃಹಪ್ರವೇಶ, ಸೀಮಂತ ಯಾವುದೇ ಇರಲಿ, ಬಂದವರಿಗೆ ತೆಂಗಿನಕಾಯಿ, ಎಲೆಯಡಿಕೆ, ಕುಪ್ಪಸದ ಕಣ ಕೊಡುವ ಪದ್ಧತಿ ಉಳಿದಿದೆ. ಅದನ್ನು ಇಟ್ಟುಕೊಡುವ ಚೀಲ ಮಾತ್ರ ಬದಲಾಗಿದೆ. 2016ರಲ್ಲಿ ನಮ್ಮ ರಾಜ್ಯ ಸರಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ ಬಂತು. ಆಮೇಲೆ ನಾವು ಬಟ್ಟೆಯಂತೆ ಕಾಣುವ ಬಣ್ಣದ ಚೀಲಗಳನ್ನು ಕೊಂಡು, ಇದು ಬಟ್ಟೆಯೇ ಎಂದು ಸಮಾಧಾನಪಟ್ಟುಕೊಂಡೆವು. ಅದು ಮಗ್ಗದ ಮೇಲೆ ನೇಯ್ದದ್ದಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಕಾವಿನಿಂದ ಒತ್ತಿ ಹಾಳೆ ಮಾಡಿದ್ದು. ನಾಲ್ಕು ದಿನಕ್ಕೆ ಪುಡಿಪುಡಿಯಾಗುತ್ತದೆ. ಆದರೆ ಮಣ್ಣಿನಲ್ಲಿ ಮಣ್ಣಾಗುವುದಿಲ್ಲ.

ಇಲ್ಲಿ ಒಂದು ಸಂದೇಹ ಏಳುತ್ತದೆ. ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಉಳಿದ ಚೂರಿನಲ್ಲಿ ಹೊಲಿದು ಕೊಟ್ಟರೆ ಅದು ದಾನವಾದೀತೇ? ನಮಗೆ ಬೇಡವಾದದ್ದನ್ನು ಇನ್ನೊಬ್ಬರ ಕೈಗೆ ದಾಟಿಸಿದಂತೆ ಆಗಲಿಲ್ಲವೇ? ಕಠೋಪನಿಷತ್ತು ಆರಂಭವಾಗುವುದೇ ಈ ಪ್ರಶ್ನೆಯಿಂದ. ನಚಿಕೇತನ ತಂದೆ ಸರ್ವಸ್ವವನ್ನೂ ದಾನ ಮಾಡಲು ಹೊರಟವನು, ಹಾಲು ಬತ್ತಿದ ಮುದಿ ಹಸುಗಳನ್ನು ಕೊಡುತ್ತಿದ್ದ. ಚಿಕ್ಕ ಹುಡುಗನಿಗೆ ಅದು ಸಹಿಸಲಿಲ್ಲ. ಇಂಥ ದಾನದಿಂದ ತಂದೆಗೆ ಯಾವ ಲೋಕ ಸಿಕ್ಕೀತು ಎಂದು ಅವನ ಮನಸ್ಸು ಕಳವಳಗೊಂಡಿತು.

ಹಾಗಾದರೆ ಹಸುವಿಗೂ ತುಣುಕುಬಟ್ಟೆಗೂ ಏನು ಭೇದ? ಆ ಹಸುವಿನ ಸತ್ವವನ್ನೆಲ್ಲ ತಾನು ಹೀರಿಕೊಂಡು, ಉಳಿದ ಭಾರವನ್ನು ಅವನು ಇನ್ನೊಬ್ಬರಿಗೆ ಹೊರಿಸಿದ. ತುಣುಕುಬಟ್ಟೆಯ ಸತ್ವ ಹೋಗಿಲ್ಲ. ಅದು ಹೊಸ ಬಟ್ಟೆಯೇ. ಅಳತೆಗೆ ಸಾಲಲಿಲ್ಲ, ಅಷ್ಟೇ. ಅದಕ್ಕೆ ನಿಮ್ಮ ಕೈಯ ದುಡಿಮೆ ಕೂಡಿದರೆ ಅದು ಕೊಡತಕ್ಕ ವಸ್ತುವಾಗುತ್ತದೆ. ದುಡಿಮೆ ಕೂಡದಿದ್ದರೆ ಅದು ಕಸವನ್ನು ದಾಟಿಸಿದಂತೆಯೇ. ಹೊಲಿದ ಚೀಲವನ್ನು ನೀವೇ ಹಿಡಿದು ಸಂತೆಗೆ ಹೋಗಬಲ್ಲಿರಾ? ಹೋಗಬಲ್ಲಿರಾದರೆ ಕೊಡಿ. ನಾಚಿಕೆಯಾದರೆ ಬಿಚ್ಚಿ ಮತ್ತೆ ಹೊಲಿಯಿರಿ.

ದುಡಿಮೆ ಎಂದರೆ ಏನು ಎಂಬುದನ್ನೂ ಹೇಳಿಬಿಡುತ್ತೇವೆ. ತುಣುಕುಗಳನ್ನು ಮೊದಲು ತೊಳೆದು ಒಣಗಿಸಬೇಕು. ಒಂದು ಬಟ್ಟೆ ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ. ತೊಳೆಯದೆ ಜೋಡಿಸಿದರೆ ಮೊದಲ ಒಗೆತಕ್ಕೇ ಚೀಲ ಸೊಟ್ಟಗಾಗುತ್ತದೆ. ತುಣುಕುಗಳ ಹಾಸು ಮೇಲಿಂದ ಕೆಳಗೆ ಬರುವಂತೆ ಜೋಡಿಸಬೇಕು. ಓರೆಯಾಗಿ ಕತ್ತರಿಸಿದ ಬಟ್ಟೆ ಭಾರ ಬಿದ್ದರೆ ಜಗ್ಗುತ್ತದೆ. ಹೀಗೆ ಜೋಡಿಸಿ 10 ಇಂಚು ಅಗಲ, 13 ಇಂಚು ಉದ್ದದ ಎರಡು ತುಂಡು ಮಾಡಿಕೊಂಡರೆ ಒಂದು ತೆಂಗಿನಕಾಯಿ ಹಿಡಿಸುವ ಚೀಲವಾಗುತ್ತದೆ. ಹೊರಮೈಗಳನ್ನು ಎದುರುಬದುರಾಗಿ ಇಟ್ಟು, ಎರಡೂ ಬದಿ ಮೇಲಿನ ಮೂರೂವರೆ ಇಂಚು ಬಿಟ್ಟು, ಅಂಚಿನಿಂದ ಅರ್ಧ ಇಂಚು ಒಳಗೆ ಬದಿಗಳನ್ನೂ ತಳವನ್ನೂ ಹೊಲಿಯಬೇಕು. ತಳಕ್ಕೆ ಎರಡು ಸಾಲು ಹೊಲಿಗೆ ಇರಲಿ. ಭಾರ ಹೊರುವುದು ತಳವೇ. ಬಾಯಿಯ ಅಂಚನ್ನು ಅರ್ಧ ಇಂಚು ಮಡಚಿ, ಮತ್ತೆ ಒಂದೂವರೆ ಇಂಚು ಮಡಚಿ ಹೊಲಿದರೆ ಲಾಡಿಗೆ ದಾರಿಯಾಗುತ್ತದೆ. 26 ಇಂಚಿನ ಎರಡು ಲಾಡಿ ಬೇಕು. ಒಂದನ್ನು ಬಲದಿಂದ ತೂರಿಸಿ, ಸುತ್ತು ಹಾಕಿಸಿ ಬಲಕ್ಕೇ ತೆಗೆಯಿರಿ. ಇನ್ನೊಂದನ್ನು ಎಡದಿಂದ ತೂರಿಸಿ ಎಡಕ್ಕೇ ತೆಗೆಯಿರಿ. ಒಂದನ್ನೇ ಎಳೆದರೆ ಬಾಯಿ ಓರೆಯಾಗುತ್ತದೆ. ಎರಡನ್ನೂ ಕೂಡಿ ಎಳೆದರೆ ಬಿಗಿಯಾಗಿ ಮುಚ್ಚುತ್ತದೆ. ಸಂಸಾರಸ್ಥರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಡೆಯಲ್ಲಿ ಚೀಲವನ್ನು ಮಗುಚುತ್ತೀರಿ. ಕಚ್ಚಾ ಅಂಚುಗಳೆಲ್ಲ ಒಳಗೆ ಹೋಗುತ್ತವೆ. ಒಳಗಿನದು ಯಾರಿಗೆ ಕಾಣುತ್ತದೆ ಎಂದು ಅಲ್ಲಿ ಎಳೆಗಳನ್ನು ಹಾಗೆಯೇ ಬಿಡಬೇಡಿ. ನೋಡುವವರು ಹೊರಗನ್ನು ನೋಡುತ್ತಾರೆ. ಬಳಸುವವರ ಕೈ ಹೋಗುವುದು ಒಳಗೆ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಬೀಗರಿಗೆ, ಅಧಿಕಾರಿಗಳಿಗೆ ಪೇಟೆಯ ರೇಷ್ಮೆ ಚೀಲ, ಪಾತ್ರೆ ತೊಳೆಯುವ ತಾಯಿಗೆ, ಹೊಲದ ಆಳಿಗೆ ತುಣುಕುಬಟ್ಟೆಯ ಚೀಲ ಎಂದು ಮಾಡುವುದಾದರೆ, ನಮ್ಮ ಮಾತು ಕೇಳಿ ಚೀಲ ಹೊಲಿಯಲೇಬೇಡಿ. ಪಂಕ್ತಿಭೇದ ಊಟದಲ್ಲಿ ಮಾತ್ರ ಪಾಪವಲ್ಲ, ಉಡುಗೊರೆಯಲ್ಲೂ ಪಾಪವೇ. ತುಣುಕುಗಳನ್ನು ಕೂಡಿಸಿದ ಕೈಯೇ ಮನುಷ್ಯರನ್ನು ಬೇರೆಮಾಡಿದರೆ ಆ ಹೊಲಿಗೆಗೆ ಅರ್ಥವಿಲ್ಲ. ಎಲ್ಲರಿಗೂ ಒಂದೇ ಚೀಲ ಕೊಡಿ. ಬಣ್ಣ ಬೇರೆಯಿರಲಿ, ಬೆಲೆ ಬೇರೆಯಾಗದಿರಲಿ. ದಾಸೋಹವೆಂದರೆ ಅದೇ.

ಮುಂದಿನ ಶುಭಕಾರ್ಯಕ್ಕೆ ಇನ್ನೂ ದಿನಗಳಿರುವಾಗಲೇ ಮನೆಯ ತುಣುಕುಗಳನ್ನು ಒಂದು ಬುಟ್ಟಿಯಲ್ಲಿ ಕೂಡಿಡಿ. ಊರಿನ ದರ್ಜಿಯನ್ನು ಕೇಳಿದರೆ ಇನ್ನಷ್ಟು ಸಿಗುತ್ತವೆ. ಅತ್ತೆ ಸೊಸೆ, ಗಂಡುಮಕ್ಕಳು ಹೆಣ್ಣುಮಕ್ಕಳು ಸಂಜೆ ಒಟ್ಟಿಗೆ ಕುಳಿತು ದಿನಕ್ಕೆ ಎರಡೆರಡು ಹೊಲಿಯಿರಿ. ಕಾಯಿ ಒಡೆದು, ಎಲೆ ಒಣಗಿ ಹೋದಮೇಲೂ ಆ ಚೀಲ ಯಾರದೋ ಮನೆಯ ಗೂಟದಲ್ಲಿ ತೂಗುತ್ತಿರುತ್ತದೆ.

ನಿಮ್ಮೆಲ್ಲರಿಗೂ ಮಂಗಳವಾಗಲಿ.