ಹೊಸ ಗಾಡಿ ಬಂತು, ಗೇರು ಮುನಿಸಿಕೊಂಡಿತು



ರೇಡಿಯೋದಲ್ಲಿ ಕೆಲಸ ಮಾಡುವ ನಮಗೆ ‘ಟ್ರಾನ್ಸ್‌ಮಿಷನ್ ಕೈಕೊಟ್ಟಿತು’ ಅಂದರೆ ಒಂದೇ ಅರ್ಥ. ಪ್ರಸಾರ ನಿಂತಿತು, ಇನ್ನು ಸ್ಟುಡಿಯೋದ ಫೋನು ಬಡಿದುಕೊಳ್ಳಲು ಶುರು! ಆದರೆ ಇವತ್ತಿನ ಮಾತು ಆ ಟ್ರಾನ್ಸ್‌ಮಿಷನ್ನಿನದಲ್ಲ. ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಗೇರ್‌ಬಾಕ್ಸು, ಕ್ಲಚ್ಚು ಮತ್ತು ಅವುಗಳ ಸಂಸಾರದ ಮಾತು.

ಅಮೆರಿಕದಲ್ಲಿ ಮಿನಿವ್ಯಾನ್, ಇಲ್ಲಿನ ಜಾಹೀರಾತಿನಲ್ಲಿ ಎಂಪಿವಿ, ನಮ್ಮ ಮನೆಗಳಲ್ಲಿ ‘ದೊಡ್ಡ ಗಾಡಿ’. ಏಳು ಸೀಟಿನದು. ಅದನ್ನು ನಮ್ಮವರು ಕೊಳ್ಳುವುದು ಆಫೀಸಿಗೆ ಹೋಗಲಿಕ್ಕಲ್ಲ. ಆಫೀಸಿಗೆ ಲೋಕಲ್ ಟ್ರೇನು, ಮೆಟ್ರೋ, ಸ್ಕೂಟರು ಇವೆ. ದೊಡ್ಡ ಗಾಡಿ ಊರಿಗೆ ಹೋಗಲು. ಪುಣೆಯಿಂದ ಧಾರವಾಡ, ಮುಂಬಯಿಯಿಂದ ಕುಂದಾಪುರ, ಚೆನ್ನೈಯಿಂದ ಮೈಸೂರು. ಅಪ್ಪ ಅಮ್ಮ, ಮಕ್ಕಳು, ಮೇಲೆ ಕ್ಯಾರಿಯರ್ ತುಂಬ ಸಾಮಾನು. ದಾರಿಯಲ್ಲಿ ಬಹಳಷ್ಟು ಜನರಿಗೆ ಒಂದಲ್ಲ ಒಂದು ಘಾಟಿ ಸಿಕ್ಕೇ ಸಿಗುತ್ತದೆ. ಅಂದರೆ ಗಾಡಿ ಕೊಂಡ ತಿಂಗಳಲ್ಲೇ ಗೇರ್‌ಬಾಕ್ಸಿಗೆ ಅದರ ಅತಿ ಕಷ್ಟದ ಪರೀಕ್ಷೆಯನ್ನು ನಾವೇ ಇಟ್ಟುಬಿಡುತ್ತೇವೆ.

ಹೊಸ ಗಾಡಿ ತಕರಾರು ಮಾಡಿದಾಗ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ. ಇದು ಗಾಡಿಯ ಸ್ವಭಾವವೋ, ದೋಷವೋ? ಸರ್ವಿಸ್ ಸೆಂಟರಿನವರು ‘ಸ್ವಭಾವ’ ಅನ್ನುತ್ತಾರೆ, ಲಕ್ಷಗಟ್ಟಲೆ ಕೊಟ್ಟವರು ‘ದೋಷ’ ಅನ್ನುತ್ತಾರೆ. ನನ್ನ ಅನುಭವದಲ್ಲಿ ಎರಡೂ ಒಂದೇ ಗಾಡಿಯಲ್ಲಿ ಜೊತೆಜೊತೆಗೇ ಇರಬಹುದು. ಬಿಡಿಸಿ ನೋಡುವ ತಾಳ್ಮೆ ಇದ್ದವರು ಗೆಲ್ಲುತ್ತಾರೆ, ಬರೀ ಜಗಳಕ್ಕೆ ಇಳಿದವರು ವಾರಂಟಿ ಮುಗಿಯುವ ತನಕ ಓಡಾಡುತ್ತಾರೆ.

ಹಾಗಾಗಿ ಮೊದಲು ನಿಮ್ಮ ಗಾಡಿಯ ಜಾತಕ ತಿಳಿಯಿರಿ. ‘ಆಟೊಮ್ಯಾಟಿಕ್’ ಅನ್ನುವುದು ಒಂದು ಜಾತಿಯಲ್ಲ. ಎಎಂಟಿ ಎಂಬುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚು ಒತ್ತುವ, ಗೇರು ಬದಲಿಸುವ ಕೆಲಸ ಮಾತ್ರ ನಿಮ್ಮ ಕೈಕಾಲಿನ ಬದಲು ಒಂದು ಯಂತ್ರದ್ದು. ನಮ್ಮ ದೇಶದಲ್ಲಿ ಇದು 2014ರಲ್ಲಿ ಮಾರುತಿ ಸೆಲೆರಿಯೋದಿಂದ ಮನೆಮಾತಾಯಿತು. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಇದು ಸ್ವಲ್ಪ ತಲೆಯಾಡಿಸುತ್ತದೆ. ಅದು ಸ್ವಭಾವ. ಗೇರು ಬದಲಾಗುವ ಹೊತ್ತಿಗೆ ಎಕ್ಸಲರೇಟರಿನ ಮೇಲಿನ ಕಾಲನ್ನು ಒಂದಿಷ್ಟು ಸಡಿಲಿಸಿದರೆ ಆ ಜರ್ಕು ಅರ್ಧ ಇಳಿಯುತ್ತದೆ. ಟಾರ್ಕ್ ಕನ್ವರ್ಟರಿನದು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಹಳೆಯ, ನಯವಾದ ಪದ್ಧತಿ. ಸಿವಿಟಿಯಲ್ಲಿ ಮೆಟ್ಟಿಲಿನಂಥ ಗೇರುಗಳೇ ಇಲ್ಲ, ಹಿಗ್ಗುವ ಕುಗ್ಗುವ ರಾಟೆಗಳ ಮೇಲೆ ಬೆಲ್ಟೊಂದು ಓಡುತ್ತದೆ. ಇಂಜಿನ್ ಕೂಗುತ್ತದೆ, ವೇಗ ಆಮೇಲೆ ಬರುತ್ತದೆ. ಅದೂ ಸ್ವಭಾವವೇ. ಇನ್ನೊಂದು ಜೋಡಿ ಕ್ಲಚ್ಚಿನದು, ಡಿಸಿಟಿ. ಹೆದ್ದಾರಿಯಲ್ಲಿ ಬೆಣ್ಣೆ. ಆದರೆ ಒಣ ಕ್ಲಚ್ಚಿನ ಡಿಸಿಟಿಯನ್ನು ಆಮೆನಡಿಗೆಯ ಟ್ರಾಫಿಕ್ಕಿನಲ್ಲಿ ಇಂಚಿಂಚು ಸರಿಸುತ್ತಿದ್ದರೆ ಕ್ಲಚ್ಚು ಅರ್ಧ ಹಿಡಿದು ಅರ್ಧ ಬಿಟ್ಟು ಜಾರುತ್ತಾ ಕಾಯುತ್ತದೆ.

ಈ ಕಾಯುವುದರ ಬಗ್ಗೆ ನಮ್ಮ ಅಕ್ಕ ಭಾವನ ಕತೆ ಹೇಳಬೇಕು. 2023ರ ಮೇ ತಿಂಗಳು. ಪುಣೆಯಲ್ಲಿರುವ ಅವರು ಡಿಸಿಟಿಯ ದೊಡ್ಡ ಗಾಡಿ ಕೊಂಡು ಮೂರು ವಾರ. ಬೇಸಿಗೆಗೆಂದು ಮಗಳ ಮನೆಗೆ ಬಂದಿದ್ದ ಅಪ್ಪನನ್ನೂ ಕೂರಿಸಿಕೊಂಡು ಏಳು ಜನ ಧಾರವಾಡಕ್ಕೆ ಹೊರಟರು. ಖಂಬಾಟ್ಕಿ ಘಾಟಿಯಲ್ಲಿ ಲಾರಿಗಳ ಸಾಲು. ಮಧ್ಯಾಹ್ನದ ಬಿಸಿಲು. ಏರಿನಲ್ಲಿ ನಿಂತು, ಸರಿದು, ನಿಂತು, ಸರಿದು, ಕೊನೆಗೆ ಮೀಟರಿನಲ್ಲಿ ಕೆಂಪು ಅಕ್ಷರ ಬಂತು. ಕ್ಲಚ್ಚು ಕಾದಿದೆ, ಗಾಡಿ ನಿಲ್ಲಿಸಿ ಎಂದು. ಹಿಂದೆ ಹಾರ್ನು, ಒಳಗೆ ಮಕ್ಕಳ ಅಳು. ಬೈಪಾಸ್ ಆಪರೇಷನ್ ಆಗಿರುವ ಅಪ್ಪ ಹಿಂದಿನ ಸೀಟಿನಿಂದ ಸಮಾಧಾನವಾಗಿ, “ಗಾಡಿಗೆ ದಮ್ ಹತ್ತೇತೇನ್ರೀ ಅಳಿಯಂದ್ರ?” ಅಂದರಂತೆ. ನಗು ಬರುವ ಹೊತ್ತಲ್ಲ ಅದು. ಅಪ್ಪನ ಮಾತ್ರೆಯ ಹೊತ್ತು ಮೀರುತ್ತಿತ್ತು, ಬಾಟಲಿಯ ನೀರು ತಳ ಕಂಡಿತ್ತು. ನಲವತ್ತು ನಿಮಿಷ ರಸ್ತೆಬದಿಯಲ್ಲಿ ಕಾದ ಮೇಲೆ ಗಾಡಿ ಏನೂ ಆಗಿಲ್ಲವೆಂಬಂತೆ ಹತ್ತಿತು.

ವಾಪಸು ಬಂದ ಮೇಲೆ ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಚ್ಚಿ ನೋಡಿ, “ಮೇಡಂ, ಎಲ್ಲ ಸರಿ ಇದೆ” ಎಂದರು. ಭಾವನಿಗೆ ಸಿಟ್ಟು. ಅಕ್ಕ ಬ್ಯಾಂಕಿನವಳು, ಲೆಕ್ಕದವಳು. ಒಂದು ನೋಟ್‌ಬುಕ್ಕು ತೆಗೆದು ಗಾಡಿಯ ಡ್ಯಾಷ್‌ಬೋರ್ಡಿನಲ್ಲಿಟ್ಟಳು. ತೊಂದರೆ ಆದಾಗಲೆಲ್ಲ ತಾರೀಖು, ಹೊತ್ತು, ಎಷ್ಟು ಕಿಲೋಮೀಟರು ಓಡಿತ್ತು, ಇಂಜಿನ್ ತಣ್ಣಗಿತ್ತೋ ಬಿಸಿಯೋ, ಗಾಡಿಯಲ್ಲಿ ಎಷ್ಟು ಜನ, ಎಂಥ ಶಬ್ದ, ಎಲ್ಲ ಬರೆದಳು. ಹನ್ನೊಂದು ಸಲ ಬರೆದ ಮೇಲೆ ಪುಟ ತಾನೇ ಮಾತಾಡಿತು. ಕ್ಲಚ್ಚು ಕಾಯುತ್ತಿದ್ದುದು ತುಂಬಿದ ಗಾಡಿ ಏರಿನಲ್ಲಿ ತೆವಳಿದಾಗ ಮಾತ್ರ. ಆದರೆ ಬೆಳಗ್ಗೆ ತಣ್ಣಗಿರುವಾಗ ರಿವರ್ಸಿನಿಂದ ಮುಂದಕ್ಕೆ ಹಾಕಿದರೆ ಗಾಡಿ ಮೂರು ನಾಲ್ಕು ಸೆಕೆಂಡು ಸುಮ್ಮನಿದ್ದು, ಆಮೇಲೆ ‘ಧಡ್’ ಎಂದು ನೆಗೆಯುತ್ತಿತ್ತು. ಘಾಟಿಗೂ ಇದಕ್ಕೂ ಸಂಬಂಧವೇ ಇಲ್ಲ!

ಮೊದಲನೆಯದು ಓಡಿಸುವ ರೀತಿಯಿಂದ ಬಗೆಹರಿಯಿತು. ಮುಂದಿನ ಲಾರಿಯ ಬಾಲ ಹಿಡಿಯದೆ, ಎರಡು ಮೂರು ಗಾಡಿಯಷ್ಟು ಜಾಗ ಆಗುವ ತನಕ ಬ್ರೇಕ್ ಒತ್ತಿ ನಿಂತು, ಆಮೇಲೆ ಒಂದೇ ಸಲ ಮುಂದೆ ಹೋಗುವುದು. ಏರಿನಲ್ಲಿ ಗಾಡಿಯನ್ನು ಎಕ್ಸಲರೇಟರಿನಿಂದ ಹಿಡಿದು ನಿಲ್ಲಿಸದೆ ಬ್ರೇಕಿನಿಂದಲೇ ನಿಲ್ಲಿಸುವುದು. ಮಾನ್ಯುಯಲ್ ಓಡಿಸುವವರಿಗೂ ಇದೇ ಮಾತು. ಅರ್ಧ ಕ್ಲಚ್ಚಿನಲ್ಲಿ ಏರಿನ ಮೇಲೆ ತೂಗಿದರೆ ಹೊಸ ಕ್ಲಚ್ ಪ್ಲೇಟೂ ಸುಟ್ಟ ವಾಸನೆ ಹೊಡೆಯುತ್ತದೆ. ಕ್ಲಚ್ ಪ್ಲೇಟನ್ನು ಸವೆಯುವ ಭಾಗ ಎಂದು ವಾರಂಟಿಯಿಂದ ಹೊರಗಿಡುವ ಕಂಪನಿಗಳೇ ಹೆಚ್ಚು, ನೆನಪಿರಲಿ. (ಮಾನ್ಯುಯಲ್ ಗಾಡಿಯಲ್ಲಿ ರಿವರ್ಸ್ ಗೇರು ‘ಕರ್’ ಎಂದರೂ ಗಾಬರಿ ಬೇಡ. ಗಾಡಿ ಪೂರ್ತಿ ನಿಂತಿರಲಿ, ಕ್ಲಚ್ ಒತ್ತಿ ಒಂದೆರಡು ಕ್ಷಣ ತಡೆದು ಹಾಕಿ.)

ಎರಡನೆಯದು ದೋಷ. ಅಕ್ಕ ಮೂರನೇ ಸಲ ಹೋದಾಗ ನೋಟ್‌ಬುಕ್ಕು ಮುಂದಿಟ್ಟು, ಗಾಡಿಯನ್ನು ರಾತ್ರಿ ಅಲ್ಲೇ ಬಿಟ್ಟು, ಬೆಳಗ್ಗೆ ತಣ್ಣಗಿರುವಾಗ ಇಂಜಿನಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಓಡಿಸಿದಳು. ‘ಧಡ್’ ಅಂದಿತು. ಅವನ ಮುಖವೂ ಬಣ್ಣಗೆಟ್ಟಿತು. ಕ್ಲಚ್ಚನ್ನು ಒತ್ತಿ ಬಿಡುವ ಆಕ್ಚುವೇಟರು ಎಂಬ ಭಾಗವನ್ನು ವಾರಂಟಿಯಲ್ಲೇ ಬದಲಿಸಿ, ಗೇರ್‌ಬಾಕ್ಸಿನ ಸಾಫ್ಟ್‌ವೇರನ್ನೂ ಹೊಸದು ಮಾಡಿಕೊಟ್ಟರು. ಬಿಲ್ಲು ಸೊನ್ನೆ.

ನೀವೂ ಹೀಗೆ ಮಾಡಬಹುದು. ಇಂಜಿನ್ ಕೂಗಿದರೂ ವೇಗ ಏರದಿದ್ದರೆ, ಗೇರು ಹಾಕಿದ ಮೇಲೆ ಗಾಡಿ ತಡೆದು ನೆಗೆದರೆ, ಓಡುತ್ತಿರುವಾಗಲೇ ನ್ಯೂಟ್ರಲ್ಲಿಗೆ ಬಿದ್ದರೆ, ಒಂದೇ ಗೇರಿನಲ್ಲಿ ಸಿಕ್ಕಿಕೊಂಡರೆ, ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಹನಿ ಕಂಡರೆ ಅದನ್ನು ‘ಸ್ವಭಾವ’ ಎಂದು ಒಪ್ಪಬೇಡಿ. ಮೊಬೈಲಿನಲ್ಲಿ ವಿಡಿಯೋ ಹಿಡಿಯಿರಿ. ಓಡಿಸುವವರಲ್ಲ, ಪಕ್ಕದಲ್ಲಿ ಕೂತವರು! ಸರ್ವಿಸ್ ಸೆಂಟರಿನಲ್ಲಿ ಜಾಬ್ ಕಾರ್ಡು ಬರೆಯುವವನು ‘ಜನರಲ್ ಚೆಕಪ್’ ಎಂದು ಗೀಚಿದರೆ ಸಹಿ ಹಾಕಬೇಡಿ. ನಿಮ್ಮ ಮಾತಿನಲ್ಲೇ ಬರೆಸಿ: “ಬೆಳಗ್ಗೆ ರಿವರ್ಸಿನಿಂದ ಡ್ರೈವಿಗೆ ಹಾಕಿದರೆ ನಾಲ್ಕು ಸೆಕೆಂಡು ತಡ.” ಕಂಪ್ಯೂಟರಿನಲ್ಲಿ ಬಂದ ಕೋಡ್ ಕೇಳಿ ಪಡೆಯಿರಿ. ಪಿ 0700 ಎಂದಿದ್ದರೆ ಗೇರ್‌ಬಾಕ್ಸಿನ ನಿಯಂತ್ರಣದಲ್ಲಿ ಏನೋ ದೋಷ ದಾಖಲಾಗಿದೆ, ಒಳಗೆ ಇನ್ನೊಂದು ಕೋಡ್ ಇದೆ, ಅದನ್ನೂ ಓದಿಸಬೇಕು ಎಂದು ಅರ್ಥ. ಪ್ರತಿ ಸಲವೂ ಜಾಬ್ ಕಾರ್ಡಿನ ಪ್ರತಿ ನಿಮ್ಮ ಮನೆಯ ಫೈಲಿಗೆ ಬರಲಿ.

ಆ ಫೈಲು ಯಾಕೆ ಅಂದಿರಾ? ಒಂದೇ ದೋಷಕ್ಕೆ ನಾಲ್ಕೈದು ಸಲ ಹೋಗಿಬಂದರೂ ಸರಿಯಾಗದಿದ್ದರೆ, ಮೊದಲು ಕಂಪನಿಯ ಗ್ರಾಹಕ ವಿಭಾಗಕ್ಕೆ ಬರಹದಲ್ಲಿ ದೂರು ಕೊಡಿ. ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು, ಪರನಾಡಿನಲ್ಲಿರುವ ನಮಗೆ ಅದು ಸಣ್ಣ ಸಂಗತಿಯಲ್ಲ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಯಾದ ಮೇಲೆ ನೀವು ವಾಸ ಮಾಡುವ ಊರಿನಲ್ಲೇ ದೂರು ಹಾಕಬಹುದು. ಬೆಳಗಾವಿಯಲ್ಲಿ ಕೊಂಡ ಗಾಡಿಗೆ ಠಾಣೆಯಲ್ಲಿ ದೂರು. 50 ಲಕ್ಷದೊಳಗಿನ ಗಾಡಿಗೆ ಜಿಲ್ಲಾ ಆಯೋಗವೇ ಸಾಕು. ಬೆಲೆ ಹತ್ತರಿಂದ ಇಪ್ಪತ್ತು ಲಕ್ಷದೊಳಗಿದ್ದರೆ ಶುಲ್ಕ 400 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಅಲ್ಲಿ ಕಣ್ಣೀರಿಗಿಂತ ಜಾಬ್ ಕಾರ್ಡಿಗೆ ಬೆಲೆ ಹೆಚ್ಚು.

ಹಳೆಯ ಗಾಡಿಯನ್ನು ‘ಹೊಸದಾಗಿ’ ಕೊಳ್ಳುವವರಿಗೂ ಒಂದು ಮಾತು. ನಾವಿರುವ ಊರುಗಳೆಲ್ಲ ಮುಳುಗಿ ಎದ್ದ ಊರುಗಳು. ಮುಂಬಯಿ 2005ರ ಜುಲೈ 26ರಂದು, ಚೆನ್ನೈ 2015ರ ಡಿಸೆಂಬರಿನಲ್ಲಿ, ಹೈದರಾಬಾದು 2020ರ ಅಕ್ಟೋಬರಿನಲ್ಲಿ. ನೀರಿನಲ್ಲಿ ನಿಂತ ಗಾಡಿಯನ್ನು ಒರೆಸಿ, ಸೆಂಟು ಹೊಡೆದು ಮಾರುವವರು ಇದ್ದೇ ಇದ್ದಾರೆ. ಗೇರ್‌ಬಾಕ್ಸಿನ ಉಸಿರುರಂಧ್ರದಿಂದ ಒಳಹೋದ ನೀರು ಎಣ್ಣೆಯನ್ನು ಹಾಲು ಬೆರೆಸಿದ ಚಹಾದಂತೆ ಮಾಡಿರುತ್ತದೆ. ಮೆಕ್ಯಾನಿಕ್ಕಿನಿಂದ ಆ ಎಣ್ಣೆ ನೋಡಿಸಿ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಗಾಡಿ ನೋಡಲು ಬೆಳಗ್ಗೆ ಹೋಗಿ, ಇಂಜಿನ್ ತಣ್ಣಗಿರಬೇಕು. ಮಾರುವವನು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ.

ದಾರಿಯಲ್ಲೇ ಆಟೊಮ್ಯಾಟಿಕ್ ಗಾಡಿ ನಿಂತುಬಿಟ್ಟರೆ, ಸಹಾಯಕ್ಕೆ ಬಂದ ಲಾರಿಯವನು ಎಷ್ಟೇ ಒಳ್ಳೆಯವನಾಗಿರಲಿ, ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆಫ್ ಇದ್ದು ಚಕ್ರ ಮಾತ್ರ ತಿರುಗಿದರೆ ಗೇರ್‌ಬಾಕ್ಸಿನೊಳಗೆ ಎಣ್ಣೆ ಓಡುವುದಿಲ್ಲ, ಸಣ್ಣ ದೋಷ ದೊಡ್ಡದಾಗುತ್ತದೆ. ಗಾಡಿಯನ್ನು ಪೂರ್ತಿ ಮೇಲೆತ್ತಿ ಸಾಗಿಸುವ ಫ್ಲ್ಯಾಟ್‌ಬೆಡ್ಡನ್ನೇ ಕರೆಸಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ಗಾಡಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡಿ.

ನಿಮ್ಮ ದೊಡ್ಡ ಗಾಡಿ ಯಾವ ಜಾತಿಯದು, ಯಾವ ಘಾಟಿಯಲ್ಲಿ ಮುನಿಸಿಕೊಂಡಿತು, ಹೇಗೆ ಒಲಿಸಿಕೊಂಡಿರಿ, ಒಂದು ಕಾಗದ ಬರೆಯಿರಿ. ಉತ್ತಮವಾದವನ್ನು ಕಾರ್ಯಕ್ರಮದಲ್ಲಿ ಓದೋಣ.