ಜಾತ್ರೆಯಲ್ಲಿ ಒಂದೇ ಟೆಂಟು ಉಳಿದರೆ

(ಮನೋಳಿಯಲ್ಲಿ ಓದುಗರ ಬಳಗವೊಂದರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಕಾಗದಪತ್ರದಲ್ಲಿ ಮುನವಳ್ಳಿ, ನಮ್ಮ ಬಾಯಲ್ಲಿ ಮನೋಳಿ. ಮಲಪ್ರಭೆಯ ದಂಡೆಯ ಈ ಊರಿನಲ್ಲಿ ನಿಂತು, ಸಂಗೀತ ಕಾರ್ಯಕ್ರಮಗಳ ಟಿಕೆಟ್ ಮಾರುವ ಕಂಪನಿಗಳ ವಿಲೀನದ ಬಗ್ಗೆ ಮಾತನಾಡುತ್ತೇನೆ ಎಂದಾಗ ಕೆಲವರು ನಕ್ಕರು. ಸಾವಿರಾರು ರೂಪಾಯಿ ಕೊಟ್ಟು ಹಾಡು ಕೇಳಲು ಹೋಗುವವರು ಇಲ್ಲಿ ಎಷ್ಟು ಮಂದಿ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಆದರೆ ಟಿಕೆಟ್ ಎಂಬುದು ಈ ಸೀಮೆಗೆ ಹೊಸದಲ್ಲ. ಟಿಕೆಟ್ಟಿನ ಮೇಲೆಯೇ ಬದುಕಿದ ದೊಡ್ಡ ಕಲಾಪರಂಪರೆಯೊಂದು ಇಲ್ಲಿತ್ತು, ಸ್ವಲ್ಪ ಮಟ್ಟಿಗೆ ಈಗಲೂ ಇದೆ. ಅದು ಕಂಪನಿ ನಾಟಕ.

ಇದೇ ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು 1947ರಲ್ಲಿ ಕಲಾವೈಭವ ನಾಟ್ಯ ಸಂಘ ಕಟ್ಟಿದರು. 2017ರಲ್ಲಿ ಅವರು ತೀರಿಕೊಂಡಾಗ ವಯಸ್ಸು ನೂರು ದಾಟಿತ್ತು. ಅವರಂಥವರ ಕಂಪನಿಗಳಿಗೆ ಅರಮನೆಯ ಆಶ್ರಯವಿರಲಿಲ್ಲ. ಸಂಜೆ ಗಲ್ಲಾದಲ್ಲಿ ಬಿದ್ದ ಹಣದಿಂದಲೇ ನಟರ ಪಗಾರ, ಅಡುಗೆ ಮನೆಯ ಅಕ್ಕಿ, ಮುಂದಿನ ಊರಿಗೆ ಸಾಮಾನು ಸಾಗಿಸುವ ಬಾಡಿಗೆ ಎಲ್ಲವೂ ಆಗಬೇಕಿತ್ತು. ನೆಲ, ಬೆಂಚು, ಖುರ್ಚಿ ಎಂದು ಟಿಕೆಟ್ಟಿಗೆ ದರ್ಜೆಗಳಿದ್ದವು. ನೆಲಕ್ಕೆ ಕುಳಿತವನೂ ಖುರ್ಚಿಗೆ ಕುಳಿತವನೂ ಅದೇ ನಾಟಕ ನೋಡುತ್ತಿದ್ದರು.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಇನ್ನೊಂದು ಸಂಗತಿ ಗೊತ್ತು. ಅಲ್ಲಿ ಒಂದಲ್ಲ, ಹಲವು ನಾಟಕ ಕಂಪನಿಗಳು ಪಕ್ಕಪಕ್ಕದಲ್ಲೇ ಟೆಂಟು ಹಾಕುತ್ತವೆ. ಒಂದು ಕಡೆಯಿಂದ ಧ್ವನಿವರ್ಧಕ ಕೂಗಿದರೆ ಇನ್ನೊಂದು ಕಡೆಯಿಂದ ಅದಕ್ಕಿಂತ ಜೋರಾಗಿ ಕೂಗು. ನನ್ನ ಅಜ್ಜ ಜಾತ್ರೆಗೆ ಹೋದರೆ ಮೊದಲ ಟೆಂಟಿನಲ್ಲೇ ಟಿಕೆಟ್ ತೆಗೆಸಿದವನಲ್ಲ. ಎಲ್ಲ ಬೋರ್ಡುಗಳನ್ನೂ ಓದಿ, ಯಾರ ಹಾಸ್ಯ ಚಲೋ, ಎಲ್ಲಿ ಹಾಡು ಚಲೋ, ದರ ಎಷ್ಟು ಎಂದು ವಿಚಾರಿಸಿ, ಒಂದು ಸುತ್ತು ಹಾಕಿ ಬಂದ ಮೇಲೇ ಕಿಸೆಗೆ ಕೈ ಹಾಕುತ್ತಿದ್ದ. ಆ ಒಂದು ಸುತ್ತು ಹಾಕುವ ಸ್ವಾತಂತ್ರ್ಯವನ್ನೇ ಅರ್ಥಶಾಸ್ತ್ರದವರು ‘ಸ್ಪರ್ಧೆ’ ಎನ್ನುತ್ತಾರೆ. ಅಜ್ಜನಿಗೆ ಆ ಶಬ್ದ ಬೇಕಾಗಿರಲಿಲ್ಲ. ಇಂದಿನ ನನ್ನ ಮಾತು, ಆ ಸುತ್ತು ಹಾಕುವ ಜಾಗ ಕಿರಿದಾಗುತ್ತಿರುವ ಬಗ್ಗೆ.

ಇದು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಅಮೆರಿಕದಲ್ಲಿ. 1896ರಲ್ಲಿ ಅಲ್ಲಿಯ ಕೆಲವು ರಂಗಮಂದಿರ ಮಾಲೀಕರು ಮತ್ತು ವ್ಯವಸ್ಥಾಪಕರು ಕೂಡಿ ‘ಥಿಯೇಟ್ರಿಕಲ್ ಸಿಂಡಿಕೇಟ್’ ಎಂಬ ಕೂಟ ಕಟ್ಟಿದರು. ಯಾವ ಊರಿನ ಯಾವ ರಂಗಮಂದಿರದಲ್ಲಿ ಯಾವ ತಂಡ ಯಾವ ದಿನ ಆಡಬೇಕು ಎಂಬುದು ಇವರ ಕಚೇರಿಯಲ್ಲೇ ತೀರ್ಮಾನವಾಗತೊಡಗಿತು. ಒಪ್ಪಿದವರಿಗೆ ರಂಗ ಸಿಕ್ಕಿತು, ಒಪ್ಪದವರಿಗೆ ಬಾಗಿಲು ಮುಚ್ಚಿತು. ಫ್ರಾನ್ಸಿನ ಜಗತ್ಪ್ರಸಿದ್ಧ ನಟಿ ಸಾರಾ ಬರ್ನ್‌ಹಾರ್ಟ್ ಈ ಕೂಟದ ಎದುರಾಳಿಗಳಾದ ಶೂಬರ್ಟ್ ಸಹೋದರರ ಜೊತೆ ಪ್ರವಾಸ ಹೊರಟಾಗ, 1906ರಲ್ಲಿ, ಟೆಕ್ಸಾಸ್ ಪ್ರಾಂತ್ಯದಲ್ಲಿ ಅವರಿಗೆ ರಂಗಮಂದಿರಗಳು ಸಿಗಲಿಲ್ಲ. ಆಗ ಅವರೇನು ಮಾಡಿದರು ಗೊತ್ತೇ? ಟೆಂಟು ಹಾಕಿಸಿ ನಾಟಕ ಆಡಿದರು! ನಮ್ಮ ಕಂಪನಿಯವರು ಕೇಳಿದ್ದರೆ ಇದರಲ್ಲೇನು ವಿಶೇಷ ಎನ್ನುತ್ತಿದ್ದರು. ವಿಶೇಷವಿರುವುದು ಟೆಂಟು ಹಾಕಲು ಬಯಲು ಸಿಕ್ಕಿದ್ದರಲ್ಲಿ. ಹೊರಗಿನ ದಾರಿಯೊಂದು ಇನ್ನೂ ತೆರೆದಿತ್ತು.

ಸಿನಿಮಾ ಬಂದ ಮೇಲೆ ಅದೇ ಕಥೆ ಬೇರೆ ವೇಷದಲ್ಲಿ ನಡೆಯಿತು. ಚಿತ್ರ ತಯಾರಿಸುವ ಸ್ಟುಡಿಯೋಗಳೇ ಚಿತ್ರಮಂದಿರಗಳನ್ನೂ ಹಿಡಿದುಕೊಂಡವು. ‘ಪ್ಯಾರಮೌಂಟ್ ಪ್ರಕರಣ’ ಎಂದು ಹೆಸರಾದ 1948ರ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸ್ಟುಡಿಯೋಗಳ ವಿರುದ್ಧ ನಿಂತಿತು. ಅದರ ಫಲವಾಗಿ ತಯಾರಿಕೆ ಮತ್ತು ಪ್ರದರ್ಶನ ಬೇರೆ ಬೇರೆ ಕೈಗೆ ಹೋದವು. ಆ ನಿರ್ಬಂಧಗಳನ್ನು ರದ್ದು ಮಾಡಿದ್ದು 2020ರಲ್ಲಿ.

ಇನ್ನು ಟಿಕೆಟ್ ಕಂಪನಿಯ ಮಾತಿಗೆ ಬರೋಣ. 1976ರಲ್ಲಿ ಹುಟ್ಟಿದ ಟಿಕೆಟ್‌ಮಾಸ್ಟರ್, 1991ರಲ್ಲಿ ತನ್ನ ಮುಖ್ಯ ಎದುರಾಳಿ ಟಿಕೆಟ್ರಾನ್‌ನ ವ್ಯವಹಾರವನ್ನು ಕೊಂಡಿತು. 1994ರಲ್ಲಿ ಪರ್ಲ್ ಜ್ಯಾಮ್ ಎಂಬ ಸಂಗೀತ ತಂಡ, ತನ್ನ ಕೇಳುಗರಿಂದ ಹೆಚ್ಚಿನ ಸೇವಾ ಶುಲ್ಕ ವಸೂಲಾಗುತ್ತಿದೆ ಎಂದು ಸರ್ಕಾರಕ್ಕೆ ದೂರು ಕೊಟ್ಟಿತು. ತಂಡದವರು ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯವನ್ನೂ ನುಡಿದರು. ಟಿಕೆಟ್‌ಮಾಸ್ಟರ್ ಇಲ್ಲದ ಜಾಗಗಳಲ್ಲೇ ಹಾಡುತ್ತೇವೆ ಎಂದು ಪ್ರವಾಸ ಹೊರಟವರು ಜಾಗ ಸಿಗದೆ ಒದ್ದಾಡಿದರು. 1995ರಲ್ಲಿ ಸರ್ಕಾರ ತನಿಖೆ ಕೈಬಿಟ್ಟಿತು. ಸಾರಾ ಬರ್ನ್‌ಹಾರ್ಟ್‌ಗೆ ಸಿಕ್ಕ ಬಯಲು ಈ ಹುಡುಗರಿಗೆ ಸುಲಭವಾಗಿ ಸಿಗಲಿಲ್ಲ.

2010ರಲ್ಲಿ ಇದೇ ಟಿಕೆಟ್‌ಮಾಸ್ಟರ್, ಲೈವ್ ನೇಷನ್ ಎಂಬ ಕಂಪನಿಯೊಂದಿಗೆ ವಿಲೀನವಾಯಿತು. ಲೈವ್ ನೇಷನ್ ಕಾರ್ಯಕ್ರಮ ಏರ್ಪಡಿಸುವ ಕಂಪನಿ, ಅನೇಕ ಸಭಾಂಗಣಗಳ ಒಡೆತನ ಅಥವಾ ಉಸ್ತುವಾರಿ ಇರುವ ಕಂಪನಿ. ಬೇರೆ ಟಿಕೆಟ್ ಕಂಪನಿ ಆರಿಸಿಕೊಂಡ ಸಭಾಂಗಣಗಳ ಮೇಲೆ ಸೇಡು ತೀರಿಸಬಾರದು ಎಂಬುದೂ ಸೇರಿ ಕೆಲವು ಷರತ್ತುಗಳ ಮೇಲೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಷರತ್ತು ಮುರಿದಿದೆ ಎಂದು 2019ರಲ್ಲಿ ಸರ್ಕಾರವೇ ಹೇಳಿ ಅವುಗಳ ಅವಧಿ ಬೆಳೆಸಿತು. 2022ರ ನವೆಂಬರಿನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಅವರ ಟಿಕೆಟ್ ಮಾರಾಟ ಗೊಂದಲದಲ್ಲಿ ಮುಳುಗಿತು. 2024ರ ಮೇ 23ರಂದು ಅಮೆರಿಕದ ನ್ಯಾಯ ಇಲಾಖೆ ಹಲವು ರಾಜ್ಯಗಳ ಜೊತೆ ಸೇರಿ, ಈ ಕಂಪನಿಯನ್ನು ಒಡೆಯಬೇಕೆಂದು ಮೊಕದ್ದಮೆ ಹೂಡಿತು. ದೊಡ್ಡ ಸಂಗೀತ ಸಭಾಂಗಣಗಳ ಟಿಕೆಟ್ ಮಾರಾಟದಲ್ಲಿ ಶೇ 80ರಷ್ಟು ಅಥವಾ ಅದಕ್ಕೂ ಹೆಚ್ಚು ಪಾಲು ಒಂದೇ ಕೈಯಲ್ಲಿದೆ ಎಂಬುದು ಇಲಾಖೆಯ ಆರೋಪ. ಕಂಪನಿ ಇದನ್ನು ನಿರಾಕರಿಸಿತು. ದರ ಗೊತ್ತು ಮಾಡುವವರು ಕಲಾವಿದರೇ ಎಂಬುದು ಅದರ ವಾದ.

ಇಲ್ಲಿ ಒಂದು ಸಹಜ ಪ್ರಶ್ನೆ ಏಳುತ್ತದೆ. ಸಭಾಂಗಣದವರು ಒಬ್ಬನೇ ಮಾರಾಟಗಾರನಿಗೆ ಯಾಕೆ ಗಂಟು ಬೀಳುತ್ತಾರೆ? ಲೆಕ್ಕ ಸರಳ. ಟಿಕೆಟ್ ಕಂಪನಿ ಸಭಾಂಗಣಕ್ಕೆ ಮುಂಗಡ ಹಣ ಕೊಡುತ್ತದೆ. ಪ್ರತಿಯಾಗಿ ಕೆಲವು ವರ್ಷಗಳ ಕಾಲ ಇಲ್ಲಿಯ ಟಿಕೆಟ್ ನಾನೊಬ್ಬನೇ ಮಾರುತ್ತೇನೆ ಎಂಬ ಕರಾರು ಪಡೆಯುತ್ತದೆ. ನೋಡುಗನಿಂದ ವಸೂಲಾಗುವ ಸೇವಾ ಶುಲ್ಕದಲ್ಲೂ ಸಭಾಂಗಣಕ್ಕೆ ಪಾಲು ಸಿಗುತ್ತದೆ. ಮಾರುವವನಿಗೂ ಲಾಭ, ಜಾಗ ಕೊಡುವವನಿಗೂ ಲಾಭ. ಕರಾರಿಗೆ ಸಹಿ ಮಾಡದ ಮೂರನೆಯವನೊಬ್ಬ ಹಣ ತೆರುತ್ತಾನೆ. ಅವನೇ ನೋಡುಗ. ಹೊಸಬನೊಬ್ಬ ಕಡಿಮೆ ಶುಲ್ಕಕ್ಕೆ ಮಾರುತ್ತೇನೆ ಎಂದು ಬಂದರೆ ಮಾರಲು ಟಿಕೆಟ್ಟೇ ಇರುವುದಿಲ್ಲ.

ಇದು ನಮ್ಮ ದೇಶಕ್ಕೂ ಬಂದಿದೆಯೇ? ಬಂದಿದೆ ಎಂಬ ದೂರು ಇದೆ. ನಮ್ಮಲ್ಲಿ ಸಿನಿಮಾ ಮತ್ತು ಸಂಗೀತದ ಟಿಕೆಟ್ ಮಾರುವ ದೊಡ್ಡ ಸಂಸ್ಥೆ ಬುಕ್‌ಮೈಶೋ. ಚಿತ್ರಮಂದಿರಗಳ ಜೊತೆ ಅದು ಮಾಡಿಕೊಂಡ ಕರಾರುಗಳ ಬಗ್ಗೆ ಸಣ್ಣ ಪ್ರತಿಸ್ಪರ್ಧಿಯೊಬ್ಬರು ದೂರು ಕೊಟ್ಟಾಗ, 2022ರ ಜೂನ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿತು. ತನಿಖೆಗೆ ಆದೇಶ ಎಂದರೆ ತಪ್ಪು ಸಾಬೀತಾಯಿತು ಎಂದಲ್ಲ, ಇದನ್ನು ನೆನಪಿಡಬೇಕು. 2024ರ ಸೆಪ್ಟೆಂಬರ್ 22ರಂದು ಕೋಲ್ಡ್‌ಪ್ಲೇ ತಂಡದ ಮುಂಬೈ ಕಾರ್ಯಕ್ರಮದ ಟಿಕೆಟ್‌ಗಳು ಕ್ಷಣಗಳಲ್ಲಿ ಮುಗಿದು, ಕಾಳಸಂತೆಯಲ್ಲಿ ಅನೇಕ ಪಟ್ಟು ಬೆಲೆಗೆ ಕಾಣಿಸಿಕೊಂಡವು. ಆ ಕಾರ್ಯಕ್ರಮದ ಸಂಘಟಕರೂ ಟಿಕೆಟ್ ಮಾರಿದವರೂ ಒಂದೇ ಸಂಸ್ಥೆಯವರು. ಕಾಳಸಂತೆಯ ವಿರುದ್ಧ ಸಂಸ್ಥೆಯೂ ಪೊಲೀಸರಿಗೆ ದೂರು ಕೊಟ್ಟಿತು.

ವಿಲೀನಗಳ ಸಾಲನ್ನೂ ನೋಡಿ. ಟಿಕೆಟ್‌ನ್ಯೂ ಎಂಬ ಚೆನ್ನೈನ ಕಂಪನಿಯನ್ನು 2018ರಲ್ಲಿ ಪೇಟಿಎಂ ಕೊಂಡಿತು. ಇನ್‌ಸೈಡರ್ ಎಂಬ ಇನ್ನೊಂದು ಟಿಕೆಟ್ ಸಂಸ್ಥೆಯೂ ಅದರ ಕೈಸೇರಿತ್ತು. 2024ರ ಆಗಸ್ಟ್‌ನಲ್ಲಿ ಪೇಟಿಎಂನ ಈ ಟಿಕೆಟ್ ವ್ಯವಹಾರವನ್ನೆಲ್ಲ ಊಟ ತಲುಪಿಸುವ ಜೊಮ್ಯಾಟೊ 2,048 ಕೋಟಿ ರೂಪಾಯಿಗೆ ಕೊಂಡಿತು. ಸಣ್ಣ ಮೀನನ್ನು ನಡುವಿನ ಮೀನು, ಅದನ್ನು ದೊಡ್ಡ ಮೀನು. ಚಿತ್ರಮಂದಿರಗಳಲ್ಲಿ ಪಿವಿಆರ್ ಮತ್ತು ಐನಾಕ್ಸ್ 2022ರ ಮಾರ್ಚ್‌ನಲ್ಲಿ ವಿಲೀನ ಘೋಷಿಸಿದವು. ಆಗ ಎರಡೂ ಸೇರಿ 1,500ಕ್ಕೂ ಹೆಚ್ಚು ಪರದೆಗಳಾಗುತ್ತಿದ್ದವು. ಕೊರೊನಾದಿಂದ ವಹಿವಾಟು ಕುಸಿದಿದ್ದರಿಂದ ವಿಲೀನ ಆಯೋಗದ ಮುಂಚಿತ ಅನುಮತಿಯ ಮಿತಿಯೊಳಗೆ ಬರಲಿಲ್ಲ. ಗ್ರಾಹಕರ ಪರ ಸಂಸ್ಥೆಯೊಂದು ದೂರಿತ್ತಾಗ, ಮುಂದೆ ಹೀಗಾದೀತು ಎಂಬ ಆತಂಕದ ಮೇಲೆ ವಿಚಾರಣೆ ಸಾಧ್ಯವಿಲ್ಲ ಎಂದು ಆಯೋಗ ದೂರನ್ನು ತಳ್ಳಿಹಾಕಿತು. 2023ರ ಫೆಬ್ರುವರಿಯಲ್ಲಿ ವಿಲೀನ ಜಾರಿಗೆ ಬಂತು. 2,000 ಕೋಟಿ ರೂಪಾಯಿಗೆ ಮೀರಿದ, ಭಾರತದಲ್ಲಿ ಗಣನೀಯ ವ್ಯವಹಾರವಿರುವ ಕಂಪನಿಗಳ ಖರೀದಿಗಳು ವಹಿವಾಟು ಎಷ್ಟೇ ಇದ್ದರೂ ಆಯೋಗದ ಮುಂದೆ ಬರಬೇಕೆಂಬ ನಿಯಮ ಜಾರಿಯಾದದ್ದು 2024ರ ಸೆಪ್ಟೆಂಬರ್ 10ರಂದು. ಬಹಳಷ್ಟು ಕೂಡಿಕೆ ಅದಕ್ಕೂ ಮೊದಲೇ ಮುಗಿದಿತ್ತು.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ಟಾಕೀಸಿನ ಮುಂದೆ ನೂಕುನುಗ್ಗಲಿನಲ್ಲಿ ಅಂಗಿ ಹರಿದುಕೊಂಡವರು, ಬ್ಲ್ಯಾಕ್‌ನಲ್ಲಿ ಟಿಕೆಟ್ ಕೊಂಡವರು ಈ ಸಭೆಯಲ್ಲೇ ಇದ್ದೀರಿ. ಇಂದು ಮನೋಳಿಯ ಹುಡುಗ ಮನೆಯಲ್ಲೇ ಕುಳಿತು ಬೆಂಗಳೂರಿನ ರಂಗಶಂಕರದ ನಾಟಕಕ್ಕೆ ಸೀಟು ಕಾದಿರಿಸಬಹುದು. ದೊಡ್ಡ ಕಂಪನಿ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಗುಬ್ಬಿ ವೀರಣ್ಣನವರ ಕಂಪನಿಯೂ ದೊಡ್ಡದೇ, ಅವರು ರಂಗಮಂದಿರಗಳನ್ನೂ ಕಟ್ಟಿಸಿದರು. ಅದರಿಂದ ಏಣಗಿಯ ಬಾಳಪ್ಪನವರು ಇಲ್ಲಿ ಟೆಂಟು ಹಾಕುವುದು ನಿಲ್ಲಲಿಲ್ಲ. ದೊಡ್ಡವನಾಗುವುದು ಬೇರೆ, ಪಕ್ಕದವನ ಬಾಗಿಲಿಗೆ ಬೀಗ ಹಾಕುವುದು ಬೇರೆ. ಕಾನೂನು ತಡೆಯಬೇಕಾದದ್ದು ಎರಡನೆಯದನ್ನು.

ನನ್ನ ಸ್ವಂತ ಅನುಭವವೂ ಒಂದಿದೆ. ಬೆಂಗಳೂರಿನ ಒಂದು ಸಂಗೀತ ಕಾರ್ಯಕ್ರಮಕ್ಕೆ ಇಬ್ಬರ ಟಿಕೆಟ್ ಮಾಡಿಸಲು ಕುಳಿತೆ. ಮೊದಲು ಕಂಡ ದರ ಒಂದು, ಹಣ ಕಟ್ಟುವ ಪುಟ ಬಂದಾಗ ಅನುಕೂಲ ಶುಲ್ಕ, ಅದರ ಮೇಲೆ ತೆರಿಗೆ ಸೇರಿ ಇನ್ನೊಂದು. ಅಷ್ಟರಲ್ಲಿ ತೆರೆಯ ಮೇಲೆ ಗಡಿಯಾರ ಹಿಮ್ಮುಖವಾಗಿ ಓಡುತ್ತಿತ್ತು. ಯೋಚಿಸಲು ಪುರಸೊತ್ತಿಲ್ಲ, ಬೇರೆ ಗಲ್ಲಾ ಇಲ್ಲ. ಹಣ ಕಟ್ಟಿದೆ. ಅಜ್ಜನ ನೆನಪಾಯಿತು. ಆತ ಓದಿದ್ದು ಕಡಿಮೆ, ಆದರೆ ಟಿಕೆಟ್ ಕೊಳ್ಳುವಾಗ ನನಗಿಂತ ಹೆಚ್ಚು ಸ್ವತಂತ್ರನಾಗಿದ್ದ.

ದರಕ್ಕೆ ಮಿತಿ ಹಾಕಿದರೆ ಸಾಕಲ್ಲವೇ ಎನ್ನುವವರಿದ್ದಾರೆ. 2025ರ ಸೆಪ್ಟೆಂಬರ್ 12ರಂದು ನಮ್ಮ ರಾಜ್ಯ ಸರ್ಕಾರ ಸಿನಿಮಾ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಮಲ್ಟಿಪ್ಲೆಕ್ಸ್‌ಗಳ ಸಂಘ ಮತ್ತಿತರರು ನ್ಯಾಯಾಲಯಕ್ಕೆ ಹೋದರು. ಸೆಪ್ಟೆಂಬರ್ 23ರಂದು ಹೈಕೋರ್ಟು ಮಧ್ಯಂತರ ತಡೆ ನೀಡಿತು. ಸರ್ಕಾರದ ಕಾಳಜಿ ಅರ್ಥವಾಗುವಂಥದ್ದೇ. ಆದರೆ ಮಿತಿ ಎಂಬುದು ಜ್ವರ ಇಳಿಸುವ ಗುಳಿಗೆ. ಜ್ವರ ಯಾಕೆ ಬಂತು ಎಂದು ನೋಡದಿದ್ದರೆ ಅದು ಮತ್ತೆ ಶುಲ್ಕದ ರೂಪದಲ್ಲೋ, ತಿಂಡಿಯ ಬೆಲೆಯ ರೂಪದಲ್ಲೋ ಏರುತ್ತದೆ.

ಹಾಗಾದರೆ ಏನು ಮಾಡಬಹುದು? ನನಗೆ ತೋಚಿದ ನಾಲ್ಕು ಮಾತು ಹೇಳುತ್ತೇನೆ. ಪೂರ್ತಿ ದರ ಮೊದಲ ಪುಟದಲ್ಲೇ ಕಾಣಬೇಕು. ಸಭಾಂಗಣದ ಬಾಗಿಲಲ್ಲಿ ಹೆಚ್ಚುವರಿ ಶುಲ್ಕವಿಲ್ಲದೆ ಟಿಕೆಟ್ ಸಿಗುವಂತಿರಬೇಕು. ವರ್ಷಗಟ್ಟಲೆ ಒಬ್ಬನಿಗೇ ಮಾರಾಟ ಬಿಟ್ಟುಕೊಡುವ ಕರಾರುಗಳನ್ನು ಆಯೋಗ ನಿಷ್ಠುರವಾಗಿ ಪರಿಶೀಲಿಸಬೇಕು. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ರಂಗಮಂದಿರಗಳ ಟಿಕೆಟ್ ಯಾವ ಒಂದು ಕಂಪನಿಯ ಸ್ವತ್ತೂ ಆಗಬಾರದು.

ಇದರಲ್ಲಿ ಮನೋಳಿಗೇನು ಸಂಬಂಧ ಎಂಬ ಮೊದಲ ಪ್ರಶ್ನೆಗೆ ಮರಳುತ್ತೇನೆ. ನಮ್ಮ ಊರಿನ ಹುಡುಗಿಯೊಬ್ಬಳು ನಾಳೆ ಹಾಡುಗಾರ್ತಿಯಾಗುತ್ತಾಳೆ, ಹುಡುಗನೊಬ್ಬ ನಾಟಕದ ತಂಡ ಕಟ್ಟುತ್ತಾನೆ ಎಂದುಕೊಳ್ಳಿ. ಅವರ ಕಲೆ ಜನರನ್ನು ತಲುಪಬೇಕಾದರೆ ನಡುವೆ ಒಂದು ಗಲ್ಲಾ ಇದ್ದೇ ಇರುತ್ತದೆ. ಗಲ್ಲಾ, ಅಂಗಳ, ಆಟ ಮೂರೂ ಒಬ್ಬನದೇ ಆದರೆ, ಯಾರು ಹಾಡಬೇಕು ಎಂಬುದೂ ಕ್ರಮೇಣ ಅವನದೇ ತೀರ್ಮಾನವಾಗುತ್ತದೆ. ಏಣಗಿಯ ರೈತರ ಮನೆಯ ಹುಡುಗ ಯಾವ ಕಚೇರಿಯ ಅಪ್ಪಣೆಗೂ ಕಾಯದೆ ಬಯಲಿನಲ್ಲಿ ಟೆಂಟು ಹಾಕಿ ನಾಡಿಗೆಲ್ಲ ಪರಿಚಿತನಾದ. ಆ ಬಯಲನ್ನು ಮುಂದಿನವರಿಗೂ ಉಳಿಸಬೇಕು. ಮುಂದಿನ ಬನದ ಹುಣ್ಣಿಮೆಗೆ ಜಾತ್ರೆಗೆ ಹೋದಾಗ, ಟಿಕೆಟ್ ತೆಗೆಸುವ ಮೊದಲು ಎಲ್ಲ ಟೆಂಟುಗಳ ಮುಂದೆ ಒಂದು ಸುತ್ತು ಹಾಕಿ ಬನ್ನಿ.