ಮಗ್ಗದ ಮನೆಯಿಂದ ಹೊರಟ ಪುಟ್ಟ ಗಾಡಿ
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಸೈನ್ಯದವರೂ ಪೊಲೀಸರೂ ಓಡಾಡಿಸುತ್ತಿದ್ದ ಜಿಪ್ಸಿ ಗಾಡಿಯನ್ನು ತಾವೆಲ್ಲ ಕಂಡವರೇ. ಅದರ ವಂಶವನ್ನು ಹುಡುಕಿದರೆ ಗಿರಣಿಯ ಮಿತ್ರರಿಗೆ ಆಶ್ಚರ್ಯವಾದೀತು. ಸುಝುಕಿ ಕಂಪನಿಯ ಮೂಲ ಕಸುಬು ಮೋಟಾರಲ್ಲ, ಮಗ್ಗ! 1909ರಲ್ಲಿ ಮಿಚಿಯೊ ಸುಝುಕಿ ಎಂಬವರು ಜಪಾನಿನ ಹಮಾಮಾತ್ಸುವಿನಲ್ಲಿ ಮಗ್ಗದ ಕಾರಖಾನೆ ತೆರೆದರು. ಯುದ್ಧದ ತರುವಾಯ ಹತ್ತಿಯ ಪೇಟೆ ಕುಸಿಯಿತು, ಮಗ್ಗ ಕೊಳ್ಳುವವರಿಲ್ಲ. ಆಗ ಕಾರಖಾನೆಯವರು 1952ರಲ್ಲಿ ಸೈಕಲ್ಲಿಗೆ ಎಂಜಿನು ಕೂಡಿಸಿ ಮಾರತೊಡಗಿದರು. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ಜಮೀನಿನ ಮೇಲೆ ಅಂಗಡಿ ಮಹಲುಗಳು ಎದ್ದದ್ದನ್ನು ಕಂಡ ನಮಗೆ ಇದು ಯೋಚಿಸತಕ್ಕ ಸಂಗತಿ.

ಆದರೆ ಜಿಪ್ಸಿಯ ಮೂಲಗಾಡಿಯನ್ನು ಮೊದಲು ಕಟ್ಟಿದವರು ಸುಝುಕಿಯವರಲ್ಲ. ಹೋಪ್ ಎಂಬ ಸಣ್ಣ ಕಂಪನಿ 1967ರ ಸುಮಾರಿಗೆ ಮಿತ್ಸುಬಿಶಿ ಎಂಜಿನು ಹಾಕಿ, ನಾಲ್ಕೂ ಚಕ್ರ ಎಳೆಯುವ ಗಾಡಿಯೊಂದನ್ನು ಮಾಡಿತು. ಕೆಲವೇ ಗಾಡಿ ಮಾಡಿ ಕೈಸೋತಿತು. 1968ರಲ್ಲಿ ಅದರ ಹಕ್ಕನ್ನು ಸುಝುಕಿ ಕೊಂಡಿತು. ಕೊಳ್ಳಲೇಬೇಕೆಂದು ಹಟ ಹಿಡಿದವರು ಆ ಮನೆಯ ಅಳಿಯ ಓಸಾಮು ಸುಝುಕಿ. ಹೋಪ್ ಹೆಸರು ಇಂದು ಬಲ್ಲವರೆಷ್ಟು ಮಂದಿ?

ಜಪಾನಿನಲ್ಲಿ ಪುಟ್ಟ ಗಾಡಿಗೆ ತೆರಿಗೆಯ ರಿಯಾಯಿತಿ ಉಂಟು. ಆಗಿನ ಕಾನೂನಿನಂತೆ ಉದ್ದ 3 ಮೀಟರು, ಅಗಲ 1.3 ಮೀಟರು, ಎಂಜಿನು 360 ಸಿ.ಸಿ. ಮೀರಕೂಡದು. ಸ್ಟೆಪ್ನಿ ಚಕ್ರವನ್ನು ಹಿಂದುಗಡೆ ತೂಗುಹಾಕಿದರೆ ಉದ್ದ ಮೀರುತ್ತದೆ. ಏನು ಮಾಡಿದರು? ಹಿಂದಿನ ಸೀಟಿನಿಂದ ಒಬ್ಬ ಪ್ರಯಾಣಿಕನನ್ನು ಇಳಿಸಿ, ಅವನ ಜಾಗದಲ್ಲಿ ಚಕ್ರವನ್ನು ಕೂರಿಸಿದರು! ಮೂವರು ಮನುಷ್ಯರು, ನಾಲ್ಕನೆಯದು ಚಕ್ರ. ಒಂದೇ ಖೋಲಿಯಲ್ಲಿ ಸರದಿಯ ಮೇಲೆ ಮಲಗಿ ಬಲ್ಲವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಹೀಗೆ 1970ರ ಏಪ್ರಿಲಿನಲ್ಲಿ ಎಲ್‌ಜೆ10 ಎಂಬ ಜಿಮ್ನಿ ಪೇಟೆಗೆ ಬಂತು. ಎಂಜಿನು ಗಾಳಿಯಿಂದಲೇ ತಣಿಯುವಂಥದು, ಎರಡು ಸಿಲಿಂಡರು, ಬಲ ಸುಮಾರು 25 ಕುದುರೆ. ಇಷ್ಟರಲ್ಲಿ ಬೆಟ್ಟ ಹತ್ತೀತೇ ಎಂದು ಕೇಳಬಹುದು. ಗಾಡಿಯ ತೂಕವೇ ಸುಮಾರು 600 ಕಿಲೋ; ಭಾರದ ಗಾಡಿ ಹೂತುಹೋಗುವ ಕೆಸರಿನಲ್ಲಿ ಇದು ನಾಲ್ಕು ಚಕ್ರದಿಂದಲೂ ನೆಲ ಹಿಡಿದು ಮೇಲೇರುತ್ತಿತ್ತು.

ಮುಂದೆ ಕಾನೂನೂ ಸಡಿಲವಾಯಿತು, ಎಂಜಿನೂ ಬೆಳೆಯಿತು. 1982ರಲ್ಲಿ ಮಾರುತಿ ಉದ್ಯೋಗದೊಡನೆ ಒಪ್ಪಂದವಾಯಿತು. 1985ರಲ್ಲಿ ಅದರ ಉದ್ದನೆಯ ರೂಪವೇ 970 ಸಿ.ಸಿ.ಯ ಜಿಪ್ಸಿಯಾಗಿ ನಮ್ಮ ದೇಶಕ್ಕೆ ಬಂದು, ಮೂವತ್ತು ವರುಷಕ್ಕೂ ಮೀರಿ ಬಾಳಿತು. 2023ರಲ್ಲಿ ಗುರಗಾಂವಿನ ಕೆಲಸಗಾರರು ಐದು ಬಾಗಿಲಿನ ಜಿಮ್ನಿಯನ್ನು ಕಟ್ಟತೊಡಗಿದರು. ಆ ಗಾಡಿಯನ್ನು 2025ರ ಜನವರಿಯಲ್ಲಿ ಜಪಾನಿನಲ್ಲೇ ಮಾರಾಟಕ್ಕೆ ಘೋಷಿಸಿದಾಗ, ಕೆಲವೇ ದಿನಗಳಲ್ಲಿ ಸುಮಾರು 50,000 ಬೇಡಿಕೆ ಬಂದು, ಬುಕಿಂಗನ್ನೇ ನಿಲ್ಲಿಸಬೇಕಾಯಿತು.